ಇವಾ ಸ್ಮಿತ್ ಸಾವು: ‘ಅಪರಾಧಿ ಯಾರು’ ಎಂದು ಹುಡುಕಬೇಡಿ

ಮಾನ್ಯ ಸಂಪಾದಕರೇ,

ಕಾಲೇಜು ನಾಟಕ ಸ್ಪರ್ಧೆಗಳ ಕಾಲ ಶುರುವಾಯಿತೆಂದರೆ ಜೆ.ಬಿ. ಪ್ರೀಸ್ಟ್ಲಿಯ ‘ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್’ ನಾಟಕ ಇಂಗ್ಲಿಷಿನಲ್ಲೋ ಕನ್ನಡ ರೂಪಾಂತರದಲ್ಲೋ ಎಲ್ಲಾದರೂ ಒಂದು ಕಡೆ ತಾಲೀಮಿಗೆ ಕೂತಿರುತ್ತದೆ. ಕಾರ್ಖಾನೆ ಮಾಲೀಕ ಬರ್ಲಿಂಗ್‌ನ ಮನೆಗೆ ಇನ್‌ಸ್ಪೆಕ್ಟರ್ ಒಬ್ಬ ಬಂದು, ಇವಾ ಸ್ಮಿತ್ ಎಂಬ ಬಡ ಯುವತಿ ಆತ್ಮಹತ್ಯೆ ಮಾಡಿಕೊಂಡಳೆಂದು ಹೇಳಿ, ಊಟದ ಮೇಜಿನ ಸುತ್ತ ಕೂತವರನ್ನು ಒಬ್ಬೊಬ್ಬರಾಗಿ ವಿಚಾರಿಸುವ ಕಥೆ. ಏಳು ಪಾತ್ರ, ಒಂದು ಕೋಣೆ, ಒಂದು ರಾತ್ರಿ. ಸೆಟ್ಟಿಗೆ ಹೆಚ್ಚು ಖರ್ಚಿಲ್ಲ, ದೃಶ್ಯ ಬದಲಾವಣೆಯ ರಗಳೆಯಿಲ್ಲ. ಪ್ರದರ್ಶನ ಮುಗಿದ ಮೇಲೆ ‘ಯುವತಿಯ ಸಾವಿಗೆ ಕಾರಣ ಯಾರೆಂಬ ಕುತೂಹಲವನ್ನು ಕೊನೆಯವರೆಗೂ ಕಾಯ್ದುಕೊಂಡ ಪ್ರಯೋಗ’ ಎಂಬಂಥ ಮೆಚ್ಚುಗೆ ಬರುತ್ತದೆ. ಬರೆದವರನ್ನು ದೂರುತ್ತಿಲ್ಲ, ತಂಡಗಳು ಆಡಿ ತೋರಿಸುವುದೇ ಹಾಗೆ. ಆದರೆ ಆ ಕುತೂಹಲ ನಾಟಕದಲ್ಲಿ ಇಲ್ಲವೇ ಇಲ್ಲ. ಮೊದಲ ಅಂಕದ ಅರ್ಧಕ್ಕೆ ಬರುವಷ್ಟರಲ್ಲಿ ಇನ್‌ಸ್ಪೆಕ್ಟರ್ ಗೂಲ್ ಮನೆಯ ಯಜಮಾನನ ಪಾತ್ರವೇನೆಂದು ಬಿಚ್ಚಿಟ್ಟಾಗಿರುತ್ತದೆ. ಅಲ್ಲಿಂದಾಚೆಗೆ ಉಳಿಯುವುದು ‘ಇವನೊಬ್ಬನೇ ಅಲ್ಲ’ ಎಂಬ ಮಾತು ಒಂದೊಂದೇ ಮೆಟ್ಟಿಲಾಗಿ ಏರುವ ಬಗೆ.

ಆ ಮೆಟ್ಟಿಲುಗಳು ತಾರೀಖಿನ ಸಮೇತ ನಟರಿಗೆ ಬಾಯಿಪಾಠವಾಗಬೇಕು, ಏಕೆಂದರೆ ಬಹುಪಾಲು ತಂಡಗಳು ಮೊದಲು ಎಡವುವುದು ಇಲ್ಲಿ. ಕಥೆ ನಡೆಯುವುದು ಬ್ರಮ್ಲಿ ಎಂಬ ಕಲ್ಪಿತ ಕೈಗಾರಿಕಾ ಪಟ್ಟಣದಲ್ಲಿ, 1912ರ ವಸಂತದಲ್ಲಿ. ಟೈಟಾನಿಕ್ ಮುಂದಿನ ವಾರ ಹೊರಡುತ್ತದೆ ಎಂದು ಬರ್ಲಿಂಗ್ ಜಂಬ ಕೊಚ್ಚುವುದರಿಂದ ಅದು ಏಪ್ರಿಲ್ ಮೊದಲ ವಾರವೆಂದು ಲೆಕ್ಕ ಹಾಕಬಹುದು. 1910ರ ಬೇಸಿಗೆ ಕಳೆಯುವ ಹೊತ್ತಿಗೆ ಬರ್ಲಿಂಗ್ ಕಾರ್ಖಾನೆಯ ಹೆಣ್ಣಾಳುಗಳು ವಾರಕ್ಕೆ 22 ಶಿಲಿಂಗ್ 6 ಪೆನ್ಸ್ ಇದ್ದ ಕೂಲಿಯನ್ನು 25 ಶಿಲಿಂಗ್ ಮಾಡಿ ಎಂದು ಕೇಳುತ್ತಾರೆ. ಮುಷ್ಕರ ಒಂದೆರಡು ವಾರಕ್ಕೆ ಮುರಿದು ಬೀಳುತ್ತದೆ. ಮುಂದಾಳುಗಳಲ್ಲೊಬ್ಬಳಾದ ಇವಾ ಸೆಪ್ಟೆಂಬರ್ ಕೊನೆಗೆ ಕೆಲಸ ಕಳೆದುಕೊಳ್ಳುತ್ತಾಳೆ. ಎರಡು ತಿಂಗಳು ಬರಿಗೈ. ಡಿಸೆಂಬರಿನಲ್ಲಿ ಮಿಲ್ವರ್ಡ್ಸ್ ಬಟ್ಟೆ ಅಂಗಡಿಯ ಕೆಲಸ ಸಿಗುತ್ತದೆ, 1911ರ ಜನವರಿ ಕೊನೆಗೆ ಬರ್ಲಿಂಗ್‌ನ ಮಗಳು ಶೀಲಾ ದೂರಿದ್ದರಿಂದ ಅದೂ ಹೋಗುತ್ತದೆ. ಮಾರ್ಚ್‌ನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಶೀಲಾಳನ್ನು ಮದುವೆಯಾಗಲಿರುವ ಜೆರಾಲ್ಡ್‌ನ ಆಸರೆ. ಆಗ ಇವಾ ಇಟ್ಟುಕೊಂಡ ಹೆಸರು ಡೇಸಿ ರೆಂಟನ್. ನವೆಂಬರಿನಲ್ಲಿ ಅವಳಿಗೆ ಗಂಟುಬೀಳುವವನು ಬರ್ಲಿಂಗ್‌ನ ಮಗ ಎರಿಕ್. ಸಾಯುವುದಕ್ಕೆ ಎರಡು ವಾರ ಮೊದಲು ಬಸುರಿಯಾಗಿ ಮಹಿಳಾ ಸಹಾಯ ಸಂಸ್ಥೆಯ ಮುಂದೆ ಕೈಚಾಚುತ್ತಾಳೆ. ಅಲ್ಲಿ ಕೂತಿದ್ದವಳು ತಾಯಿ ಸಿಬಿಲ್ ಬರ್ಲಿಂಗ್. ಒಂದೂವರೆ ವರ್ಷದಲ್ಲಿ ಒಂದೇ ಊಟದ ಮೇಜಿನ ಸುತ್ತ ಕೂತವರೆಲ್ಲ ಅವಳನ್ನು ದಾಟಿ ಹೋಗಿದ್ದಾರೆ.

ದುಡ್ಡಿನ ಲೆಕ್ಕವನ್ನು ಕತ್ತರಿಸುವವರು ಬಹಳ. ‘ನಮ್ಮವರಿಗೆ ಶಿಲಿಂಗ್ ಅರ್ಥವಾಗುವುದಿಲ್ಲ’ ಎಂಬುದು ನೆಪ. ಇವಾ ಕೇಳಿದ ಹೆಚ್ಚಳ ವಾರಕ್ಕೆ 2 ಶಿಲಿಂಗ್ 6 ಪೆನ್ಸ್. ಆಗಿನ ಇಂಗ್ಲೆಂಡಿನಲ್ಲಿ ಅದು ಹಾಫ್ ಕ್ರೌನ್ ಎಂಬ ಒಂದೇ ಒಂದು ನಾಣ್ಯ. ಎರಿಕ್ ಅವಳಿಗೆಂದು ಅಪ್ಪನ ಆಫೀಸಿನಿಂದ ಎತ್ತಿದ್ದು ಸುಮಾರು 50 ಪೌಂಡ್. ಪೌಂಡಿಗೆ 20 ಶಿಲಿಂಗ್ ಎಂದರೆ 1000 ಶಿಲಿಂಗ್, ಅಂದರೆ 400 ಹಾಫ್ ಕ್ರೌನ್. ಮಗ ಕೆಲವೇ ತಿಂಗಳಲ್ಲಿ ಕದ್ದ ದುಡ್ಡಿನಲ್ಲಿ ಅವಳು ಕೇಳಿದ ಹೆಚ್ಚಳವನ್ನು ಏಳೂವರೆ ವರ್ಷಕ್ಕೂ ಮೀರಿ ಕೊಡಬಹುದಿತ್ತು. ಎಲ್ಲ ಮುಗಿದ ಮೇಲೆ ಬರ್ಲಿಂಗ್ ‘ಸಾವಿರಗಟ್ಟಲೆ ಕೊಡುತ್ತೇನೆ’ ಅನ್ನುತ್ತಾನೆ. ಈ ಮೂರು ಅಂಕಿಗಳನ್ನು ಉಳಿಸಿಕೊಂಡರೆ ಪ್ರೇಕ್ಷಕರಿಗೆ ವಿನಿಮಯ ದರ ಬೇಕಿಲ್ಲ, ಚಿಕ್ಕದು ಯಾವುದು ದೊಡ್ಡದು ಯಾವುದು ಎಂದು ತಾನಾಗಿ ತಿಳಿಯುತ್ತದೆ.

ನಾಟಕದ ಕೀಲು ಇನ್ನೊಂದು ಕಡೆ ಇದೆ. ಇವರು ಮಾಡಿದ್ದರಲ್ಲಿ ಹೆಚ್ಚಿನದು ಕಾನೂನಿಗೆ ವಿರುದ್ಧವಲ್ಲ. ಮುಷ್ಕರದ ಮುಂದಾಳನ್ನು ಮನೆಗೆ ಕಳಿಸುವುದಕ್ಕೆ ಆಗ ಯಾವ ಕಾಯ್ದೆಯೂ ಅಡ್ಡ ಬರುತ್ತಿರಲಿಲ್ಲ. ‘ಈ ಹುಡುಗಿಯನ್ನು ತೆಗೆಯದಿದ್ದರೆ ನಿಮ್ಮಲ್ಲಿ ನಮ್ಮ ಮನೆಯ ಖಾತೆ ಇರುವುದಿಲ್ಲ’ ಎಂದು ಅಂಗಡಿಯ ಮ್ಯಾನೇಜರನಿಗೆ ಹೇಳುವುದೂ ಅಪರಾಧವಲ್ಲ. ಜೆರಾಲ್ಡ್ ಗೆಳೆಯನ ಖಾಲಿ ಮನೆಯಲ್ಲಿ ಒಬ್ಬಳನ್ನು ಇಟ್ಟುಕೊಂಡು ಬೇಸರವಾದಾಗ ಬಿಟ್ಟದ್ದು ಕೋರ್ಟಿಗೆ ಹೋಗುವ ಮಾತಲ್ಲ. ಸಹಾಯ ಸಂಸ್ಥೆ ಅರ್ಜಿ ತಿರಸ್ಕರಿಸುವುದು ಅದರ ಹಕ್ಕು. ಎರಿಕ್‌ನದು ಮಾತ್ರ ಬೇರೆ. ಮೊದಲ ರಾತ್ರಿ ಕುಡಿದ ಮತ್ತಿನಲ್ಲಿ, ಒಳಗೆ ಬಿಡದಿದ್ದರೆ ಗಲಾಟೆ ಮಾಡುತ್ತೇನೆಂದು ಹೆದರಿಸಿ ಅವಳ ಕೋಣೆ ಹೊಕ್ಕವನು ಅವನು. ಇದನ್ನು ‘ಪ್ರೀತಿ’ ಎಂದು ತಿದ್ದಿ ಆಡುವ ತಂಡಗಳಿವೆ. ಕಾಲೇಜು ವೇದಿಕೆಯ ಸಂಕೋಚ ನಮಗೂ ಅರ್ಥವಾಗುತ್ತದೆ, ಆದರೆ ಆ ಎರಡು ಸಾಲು ಮೆತ್ತಗಾದರೆ ನಾಟಕ ಸುಳ್ಳಾಗುತ್ತದೆ. ಇಷ್ಟೆಲ್ಲ ಹೊರಬಿದ್ದಾಗ ಅಪ್ಪನಿಗೆ ಉರಿ ಹತ್ತುವುದು ಯಾವುದಕ್ಕೆ? ಆಫೀಸಿನ ದುಡ್ಡು ಕದ್ದದ್ದಕ್ಕೆ. ಬರ್ಲಿಂಗ್ ಪಾತ್ರಧಾರಿ ದನಿ ಏರಿಸಬೇಕಾದ ಜಾಗ ಅದು, ಮಗ ಇನ್ನೊಂದನ್ನು ಒಪ್ಪಿಕೊಂಡಾಗ ಅಲ್ಲ.

ಅವಳಿಗೆ ಬೇರೆ ದಾರಿ ಇರಲಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 1911ರಲ್ಲಿ ಬಂದ ಬ್ರಿಟನ್ನಿನ ರಾಷ್ಟ್ರೀಯ ವಿಮಾ ಕಾಯ್ದೆಯ ನಿರುದ್ಯೋಗ ಭತ್ಯೆ ಕಟ್ಟಡ, ಹಡಗು, ಎಂಜಿನಿಯರಿಂಗ್‌ನಂಥ ಕೆಲವೇ ಕಸುಬುಗಳಿಗೆ ಸೀಮಿತ, ಅದೂ ಕೈಗೆ ಸಿಗತೊಡಗಿದ್ದು 1913ರ ಜನವರಿಯಿಂದ. ಹೆರಿಗೆ ಭತ್ಯೆಯೂ ಆಗಲೇ. ಅಪ್ಪ-ಅಮ್ಮ ಇಲ್ಲದ, ಮದುವೆಯಾಗದ ಬಸುರಿಗೆ ಉಳಿದದ್ದು ದಾನಿಗಳ ಸಮಿತಿ, ಇಲ್ಲವೇ ಬಡವರ ಕಾಯ್ದೆಯಡಿ ನಡೆಯುತ್ತಿದ್ದ, ದುಡಿಸಿಕೊಂಡು ಅನ್ನ ಹಾಕುವ ವರ್ಕ್‌ಹೌಸ್. ಪ್ರೀಸ್ಟ್ಲಿ ಇದನ್ನು ಬರೆದದ್ದು ಯುದ್ಧ ಮುಗಿಯುತ್ತಿದ್ದ 1944-45ರ ಚಳಿಗಾಲದಲ್ಲಿ. ಎಲ್ಲರಿಗೂ ಸಾಮಾಜಿಕ ಭದ್ರತೆ ಬೇಕೆಂದ ಬೆವರಿಜ್ ವರದಿ ಬಂದು ಎರಡು ವರ್ಷ ಕಳೆದು, ಮುಂದಿನ ಬ್ರಿಟನ್ ಹೇಗಿರಬೇಕೆಂಬ ವಾದ ಬಿಸಿಯಾಗಿದ್ದಾಗ. ಲಂಡನ್ನಿನಲ್ಲಿ ರಂಗಮಂದಿರ ಸಿಗದೆ ನಾಟಕ ಮೊದಲು ಆಡಿದ್ದು 1945ರಲ್ಲಿ ಸೋವಿಯತ್ ಒಕ್ಕೂಟದಲ್ಲಿ. ಲಂಡನ್ನಿಗೆ ಬಂದದ್ದು 1946ರ ಅಕ್ಟೋಬರ್‌ನಲ್ಲಿ, ಇನ್‌ಸ್ಪೆಕ್ಟರ್ ಆಗಿ ರಾಲ್ಫ್ ರಿಚರ್ಡ್‌ಸನ್.

ಇನ್ನು ಇವಾಳ ಛಾಯಾಚಿತ್ರದ ವಿಚಾರ. ನಮ್ಮ ಮುಖ್ಯ ತಕರಾರು ಇದರ ಬಗ್ಗೆ. ಇನ್‌ಸ್ಪೆಕ್ಟರ್ ಜೇಬಿನಿಂದ ತೆಗೆಯುವುದು ಪೋಸ್ಟ್‌ಕಾರ್ಡ್ ಅಳತೆಯ ಒಂದು ಚಿತ್ರ. ಅದನ್ನು ತೋರಿಸುವುದು ಮೂವರಿಗೆ ಮಾತ್ರ: ಬರ್ಲಿಂಗ್, ಶೀಲಾ, ಸಿಬಿಲ್. ಒಬ್ಬರು ನೋಡುವಾಗ ಇನ್ನೊಬ್ಬರ ಕಣ್ಣಿಗೆ ಬೀಳದಂತೆ ಅಡ್ಡ ನಿಲ್ಲುತ್ತಾನೆ. ಜೆರಾಲ್ಡ್ ಮತ್ತು ಎರಿಕ್ ಚಿತ್ರವನ್ನು ನೋಡುವುದೇ ಇಲ್ಲ. ಜೆರಾಲ್ಡ್ ಬೆಚ್ಚಿ ಬೀಳುವುದು ಡೇಸಿ ರೆಂಟನ್ ಎಂಬ ಹೆಸರು ಕೇಳಿ. ಕೊನೆಯಲ್ಲಿ ಅದೇ ಜೆರಾಲ್ಡ್ ‘ಎಲ್ಲರಿಗೂ ತೋರಿಸಿದ್ದು ಒಂದೇ ಚಿತ್ರ ಅನ್ನುವುದಕ್ಕೆ ಗ್ಯಾರಂಟಿ ಏನು? ಬೇರೆ ಬೇರೆ ಹುಡುಗಿಯರೂ ಆಗಿರಬಹುದಲ್ಲ’ ಎಂಬ ವಾದ ಹೂಡುವುದು ಈ ಸಂದಿಯಲ್ಲಿ ನುಸುಳಿಯೇ. ಹಾಗಿರುವಾಗ ಚಿತ್ರವನ್ನು ಐವರ ಕೈಗೂ ದಾಟಿಸುವವರು, ಹಿಂದಿನ ಪರದೆಯ ಮೇಲೆ ಪ್ರೊಜೆಕ್ಟರಿನಲ್ಲಿ ಹುಡುಗಿಯ ಮುಖ ಮೂಡಿಸುವವರು ಆ ವಾದದ ಕಾಲನ್ನೇ ಕತ್ತರಿಸಿಬಿಡುತ್ತಾರೆ. ತಾಲೀಮಿನಲ್ಲಿ ನಾಲ್ಕು ಸಂಗತಿ ಗಮನಿಸಿದರೆ ಸಾಕು. ಚಿತ್ರದ ಬದಲು ಎರಡೂ ಬದಿ ಖಾಲಿಯಿರುವ ದಪ್ಪ ಮ್ಯಾಟ್ ಕಾರ್ಡ್ ಇಡಿ. ಹೊಳೆಯುವ ಕಾಗದ ದೀಪಕ್ಕೆ ಮಿಂಚಿ ಸಭೆಯ ಕಣ್ಣು ಕುಕ್ಕುತ್ತದೆ. ಒಳಜೇಬಿನಿಂದ ತೆಗೆದು ಅದೇ ಜೇಬಿಗೆ ಮರಳಿಸಬೇಕು, ಮೇಜಿನ ಮೇಲೆ ಇಡಕೂಡದು. ನೋಡುವ ಪಾತ್ರದ ಮುಖ ಸಭೆಗೆ ಕಾಣಬೇಕು, ಇನ್‌ಸ್ಪೆಕ್ಟರನ ಬೆನ್ನು ಮನೆಯವರ ಕಡೆಗಿರಬೇಕು. ಬರ್ಲಿಂಗ್‌ಗೆ ತೋರಿಸುವಾಗ ಜೆರಾಲ್ಡ್, ಎರಿಕ್ ಇಬ್ಬರೂ ಎದ್ದು ನೋಡಲು ಬರಬೇಕು, ತಡೆಯಿಸಿಕೊಳ್ಳಬೇಕು. ಆ ತಡೆ ಸಭೆಯ ನೆನಪಿನಲ್ಲಿ ಉಳಿಯದಿದ್ದರೆ ಕೊನೆಯ ವಾದ ಆಕಾಶದಿಂದ ಉದುರಿದಂತಾಗುತ್ತದೆ.

ಬೆಳಕು, ಗಂಟೆ ಮತ್ತು ಕೆಲಸದ ಹುಡುಗಿ ಎಡ್ನಾ: ಈ ಮೂರೂ ಒಂದೇ ಗಂಟು. ಇನ್‌ಸ್ಪೆಕ್ಟರ್ ಬರುವವರೆಗೆ ಬೆಳಕು ಗುಲಾಬಿ, ಆಪ್ತ; ಬಂದ ಮೇಲೆ ಪ್ರಖರ, ಕಟು ಎಂದು ರಂಗಸೂಚನೆಯೇ ಇದೆ. ಎದುರಿನ ದೀಪಗಳಿಗೆ ತೆಳು ಗುಲಾಬಿ ಜೆಲ್ (ಬಣ್ಣದ ಹಾಳೆ) ಹಾಕಿ ಡಿಮ್ಮರನ್ನು ಅರ್ಧಕ್ಕೆ ಇಟ್ಟುಕೊಂಡು, ಜೆಲ್ ಇಲ್ಲದ ಇನ್ನೊಂದು ಜೋಡಿಯನ್ನು ಬೇರೆ ಚಾನೆಲ್ಲಿನಲ್ಲಿ ಸಿದ್ಧವಿಟ್ಟರೆ ಸಣ್ಣ ಸಭಾಂಗಣದಲ್ಲೂ ಇದು ಆಗುತ್ತದೆ. ಕೆಡುವುದು ಎಲ್ಲಿ ಅಂದರೆ, ಬಾಗಿಲ ಗಂಟೆ ಬಾರಿಸಿದ ಕೂಡಲೇ ಬೆಳಕು ಬದಲಿಸಿಬಿಡುತ್ತಾರೆ. ದೆವ್ವದ ನಾಟಕದ ಹಾಗಾಗುತ್ತದೆ. ಮೂಲದಲ್ಲಿ ಎಡ್ನಾ ಬಂದು ಇನ್‌ಸ್ಪೆಕ್ಟರ್ ಬಂದಿದ್ದಾರೆಂದು ಹೇಳುತ್ತಾಳೆ, ಆಗ ಬರ್ಲಿಂಗ್ ಅವಳಿಗೆ ಇನ್ನಷ್ಟು ಬೆಳಕು ಹಾಕು ಅನ್ನುತ್ತಾನೆ. ತನ್ನ ಮನೆಯ ಹುಳುಕು ಕಾಣಿಸುವ ಬೆಳಕನ್ನು ಯಜಮಾನನೇ ಹಾಕಿಸಿಕೊಳ್ಳುತ್ತಾನೆ, ಹಾಕುವವಳು ಆಳು. ಎಡ್ನಾಳ ಕೈ ಗೋಡೆಯ ಸ್ವಿಚ್ಚಿಗೆ ಹೋದಾಗ ದೀಪದವರಿಗೆ ಕ್ಯೂ (ಸನ್ನೆ) ಕೊಡಿ, ಎರಡು ಮೂರು ಸೆಕೆಂಡಿನಲ್ಲಿ ಬದಲಾಗಲಿ. ಗಂಟೆಯ ಕ್ಯೂ ಇದಕ್ಕಿಂತ ನಾಜೂಕು. ಮನುಷ್ಯ ತನ್ನ ಪಾಡು, ತನ್ನವರ ಪಾಡು ನೋಡಿಕೊಂಡರೆ ಸಾಕೆಂದು ಬರ್ಲಿಂಗ್ ಉಪದೇಶಿಸುತ್ತಿರುವಾಗ, ವಾಕ್ಯ ಮುಗಿಯುವ ಮೊದಲೇ ಅದು ಬಾರಿಸಬೇಕು. ನಟ ನಿಲ್ಲಿಸಿ ಗಂಟೆಗಾಗಿ ಕಾದರೆ ಆಟ ಕೆಟ್ಟಿತು. ಕೊನೆಯ ಮಾತಿಗೆ ಎರಡು ಪದ ಇರುವಾಗಲೇ ನೇಪಥ್ಯದವರು ಗುಂಡಿ ಒತ್ತಲಿ. ನಟನಿಗೆ ಬಾಯಲ್ಲಿ ಇನ್ನೂ ಒಂದು ಸಾಲು ಇರಲಿ, ಗಂಟೆ ಬಾರದಿದ್ದರೆ ಆಡಿಕೊಳ್ಳಲು. ಪೋರ್ಟ್ ವೈನಿಗೆ ಪುನರ್ಪುಳಿ ಶರಬತ್ತು ಒಳ್ಳೆಯ ಬದಲಿ, ಬಣ್ಣ ಸರಿಯಾಗಿ ಬರುತ್ತದೆ. ಕೋಲಾ ಬೇಡ, ನೊರೆ ಬಂದು ಮುಂದಿನ ಸಾಲಿನವರು ನಗುತ್ತಾರೆ.

ಪಾತ್ರ ಕಡಿಮೆ ಮಾಡಬೇಕೆಂದಾಗ ಮೊದಲು ಕತ್ತಿ ಬೀಳುವುದು ಎಡ್ನಾ ಮೇಲೆ. ‘ನಾಲ್ಕು ಮಾತಿನ ಪಾತ್ರ, ಶೀಲಾ ಬಾಗಿಲು ತೆಗೆದರಾಯಿತು’ ಅನ್ನುತ್ತಾರೆ. ವೇದಿಕೆಯ ಮೇಲೆ ಕಾಣುವ ದುಡಿಯುವ ಹೆಣ್ಣು ಅವಳೊಬ್ಬಳೇ. ಇವಾಳಿಗಾಗಿ ಮರುಗುವ ಶೀಲಾ ಕೂಡ ಎಡ್ನಾಳನ್ನು ಒಂದು ಮಾತು ವಿಚಾರಿಸುವುದಿಲ್ಲ. ಮೂರನೆಯ ಅಂಕದಲ್ಲಿ, ಎಲ್ಲರ ಬಣ್ಣ ಬಯಲಾದ ಮೇಲೆ ಬಾಗಿಲ ಗಂಟೆ ಬಾರಿಸಿದಾಗ, ಎಡ್ನಾ ತೆಗೆಯುತ್ತಾಳೆ, ಚಹಾ ಮಾಡಿಕೊಡಲು ಎಚ್ಚರವಿರು ಎಂದು ಹೇಳಿದ್ದೇನೆ ಎಂಬರ್ಥದ ಮಾತು ಸಿಬಿಲ್ ಬಾಯಲ್ಲಿ ಬರುತ್ತದೆ. ಈ ಸಾಲನ್ನು ಒತ್ತಿ ಹೇಳಿಸಬೇಡಿ, ದಿನಾ ಹೇಳುವ ಮಾತಿನಂತೆ ಹೇಳಿಸಿ. ಗಮನವಿಟ್ಟವರಿಗೆ ಅಷ್ಟರಲ್ಲೇ ನಾಟುತ್ತದೆ.

ಇವಾಳನ್ನು ವೇದಿಕೆಗೆ ತರುವ ಚಪಲ ಇನ್ನೊಂದು. ನೆರಳಾಟ, ಬಿಳಿ ಸೀರೆ, ಕೊಳಲು, ಸಾಯುವ ದೃಶ್ಯದ ಮೂಕಾಭಿನಯ ಎಲ್ಲ ಸೇರಿಕೊಳ್ಳುತ್ತವೆ. ಅವಳು ಅಳುಬುರುಕಿ ಬಲಿಪಶುವಾಗಿ ಕಂಡ ತಕ್ಷಣ ಸಭೆ ಕರುಣೆಯಲ್ಲಿ ಮುಳುಗುತ್ತದೆ, ಹೊಣೆಯ ಪ್ರಶ್ನೆ ಸತ್ತುಹೋಗುತ್ತದೆ. ಪಠ್ಯದಲ್ಲಿರುವ ಇವಾ ಮುಷ್ಕರದ ಮುಂದೆ ನಿಂತವಳು. ಕದ್ದ ದುಡ್ಡೆಂದು ತಿಳಿದ ಮೇಲೆ ಎರಿಕ್‌ನಿಂದ ಬಿಡಿಗಾಸು ಮುಟ್ಟದವಳು, ಅವನನ್ನು ಮದುವೆಯಾಗಲೂ ಒಪ್ಪದವಳು. ಸಹಾಯ ಸಂಸ್ಥೆಗೆ ಅವಳು ಬಂದದ್ದೇ ಆ ದುಡ್ಡು ಬೇಡವೆಂದು. ಇದನ್ನು ಸಿಬಿಲ್ ಮುಂದೆ ಹೇಳಿದಾಗ, ಇಂಥ ಹುಡುಗಿಗೆ ಇಷ್ಟು ಮರ್ಯಾದೆ ಎಲ್ಲಿಂದ ಎಂದು ಆಕೆ ನಂಬಲಿಲ್ಲ. ಈ ನಾಟಕದ ಅತಿ ಕ್ರೂರ ಜಾಗ ಇದು. ಸಾವನ್ನು ಆಡಿ ತೋರಿಸುವುದರಿಂದ ಇದಕ್ಕೆ ಸೇರುವುದು ಏನೂ ಇಲ್ಲ.

ನಮ್ಮ ಪ್ರೇಕ್ಷಕರಿಗೆ ಹತ್ತಿರದ ಹೋಲಿಕೆ ವಿಜಯ್ ತೆಂಡೂಲ್ಕರ್ ಅವರ 1967ರ ಮರಾಠಿ ನಾಟಕ ‘ಶಾಂತತಾ! ಕೋರ್ಟ್ ಚಾಲೂ ಆಹೆ’. ಅಲ್ಲಿ ಕಟ್ಟೋಣ ತದ್ವಿರುದ್ಧ. ಆಟಕ್ಕೆಂದು ಶುರುವಾದ ವಿಚಾರಣೆಯಲ್ಲಿ ಆರೋಪಿಯಾದ ಶಿಕ್ಷಕಿ ಬೇಣಾರೆ ಬಾಯಿ ಕಟಕಟೆಯಲ್ಲೇ ನಿಂತಿರುತ್ತಾಳೆ. ಅವಳ ಬಸಿರಿಗೆ ಕಾರಣನಾದ ಪ್ರೊಫೆಸರ್ ದಾಮ್ಲೆ ವೇದಿಕೆಗೆ ಬರುವುದೇ ಇಲ್ಲ, ಅವನ ಹೆಸರು ಕರೆಯುವುದೂ ಬರೀ ಸಾಕ್ಷಿಯಾಗಿ. ಪ್ರೀಸ್ಟ್ಲಿಯಲ್ಲಿ ಹುಡುಗಿ ಇಲ್ಲ, ಹೊಣೆಗಾರರೆಲ್ಲ ಇದ್ದಾರೆ. ಎರಡನ್ನೂ ಕಲಸಿ, ಇವಾಳನ್ನು ಬೇಣಾರೆಯಂತೆ ಮುಂದೆ ತಂದು ನಿಲ್ಲಿಸಿದರೆ ಎರಡೂ ನಾಟಕಗಳಿಗೆ ಅನ್ಯಾಯ.

ಹಂಚಿಕೊಂಡ ಹೊಣೆ ಎಂದರೆ ಸಮಪಾಲು ಎಂದು ತಿಳಿದು ಐವರಿಗೂ ಒಂದೇ ಅಳತೆಯ ಕಾಲ, ಒಂದೇ ದನಿಯ ಬೈಗುಳ ಹಂಚುವವರಿದ್ದಾರೆ. ಇನ್‌ಸ್ಪೆಕ್ಟರ್ ಹಾಗೆ ಮಾಡುವುದಿಲ್ಲ. ಜೆರಾಲ್ಡ್‌ಗೆ ಅವಳ ಮೇಲೆ ಕೊಂಚ ಪ್ರೀತಿಯಾದರೂ ಇತ್ತು, ಅವಳು ಕೆಲಕಾಲ ಸುಖವಾಗಿದ್ದಳು ಎಂದು ಇನ್‌ಸ್ಪೆಕ್ಟರನೇ ಹೇಳುತ್ತಾನೆ. ಸಿಬಿಲ್ ವಿಷಯದಲ್ಲಿ ರಿಯಾಯಿತಿ ಇಲ್ಲ. ಶೀಲಾಳ ತಪ್ಪು ಎಷ್ಟು ಸಣ್ಣದು ನೋಡಿ: ತನಗೆ ಒಪ್ಪದ ಉಡುಪನ್ನು ಅಂಗಡಿಯ ಹುಡುಗಿ ತೋರಿಸಲೆಂದು ಮೈಗೆ ಹಿಡಿದಾಗ ಅವಳಿಗೆ ಚೆನ್ನಾಗಿ ಒಪ್ಪಿತು, ಕನ್ನಡಿಯಲ್ಲಿ ಅವಳ ನಗು ಕಂಡಿತು, ಅಷ್ಟೇ. ಇದನ್ನು ಶೀಲಾ ಪಾತ್ರಧಾರಿ ಬಿಕ್ಕಿ ಬಿಕ್ಕಿ ಅತ್ತು ದೊಡ್ಡದು ಮಾಡಬಾರದು. ಇನ್‌ಸ್ಪೆಕ್ಟರನಿಗೆ ಖಾಕಿ ತೊಡಿಸಿ, ಲಾಠಿ ಕೊಟ್ಟು, ಮೇಜು ಗುದ್ದಿಸುವುದೂ ಬೇಡ. ಗಾಢ ಬಣ್ಣದ ಸಾದಾ ಸೂಟು, ತೂಕದ ಮಾತು, ಪ್ರಶ್ನೆಗೆ ಮೊದಲು ಎದುರಿನವರನ್ನು ನೆಟ್ಟ ಕಣ್ಣಿನಿಂದ ನೋಡುವ ಅಭ್ಯಾಸ, ಇಷ್ಟು ಸಾಕು.

ಪೂರ್ಣ ನಾಟಕಕ್ಕೆ ಹತ್ತಿರಹತ್ತಿರ ಎರಡು ಗಂಟೆ ಬೇಕು, ಸ್ಪರ್ಧೆಯಲ್ಲಿ ಸಿಗುವುದು ಒಂದು ಗಂಟೆ. ಹಾಗಾಗಿ ಕತ್ತರಿ ಅನಿವಾರ್ಯ. ಗಾಲ್ಫ್, ಸರ್ ಪದವಿಯ ಆಸೆ, ಜೆರಾಲ್ಡ್‌ನ ಕ್ರಾಫ್ಟ್ ಮನೆತನದ ಹರಟೆ ಧಾರಾಳವಾಗಿ ಹೋಗಲಿ. ಟೈಟಾನಿಕ್ ಮುಳುಗದು, ಯುದ್ಧ ಬರದು ಎಂಬ ಬರ್ಲಿಂಗ್‌ನ ಎರಡು ಮಾತುಗಳಲ್ಲಿ ಒಂದನ್ನು ಉಳಿಸಿಕೊಳ್ಳಿ. ಆದರೆ ಕಳೆದ ಬೇಸಿಗೆಯಲ್ಲಿ ಜೆರಾಲ್ಡ್ ತನ್ನ ಹತ್ತಿರ ಸುಳಿಯಲೇ ಇಲ್ಲ ಎಂದು ಶೀಲಾ ಚುಚ್ಚುವ ಮಾತು, ಹೆಂಗಸರ ಉಡುಪಿನ ಪ್ರಸ್ತಾಪ ಬಂದಾಗ ‘ಹೌದು, ನನಗೆ ನೆನಪಿದೆ’ ಎಂದು ಎರಿಕ್ ನಾಲಗೆ ಕಚ್ಚಿಕೊಳ್ಳುವುದು, ಇವೆರಡನ್ನು ಕತ್ತರಿಸಿದರೆ ಮುಂದೆ ಬರುವುದಕ್ಕೆ ಬುಡವೇ ಇರುವುದಿಲ್ಲ. ಪೀಠಿಕೆಗೆ 8 ನಿಮಿಷ, ಬರ್ಲಿಂಗ್‌ಗೆ 7, ಶೀಲಾಗೆ 6, ಜೆರಾಲ್ಡ್‌ಗೆ 9, ಸಿಬಿಲ್‌ಗೆ 9, ಎರಿಕ್‌ಗೆ 7, ಇನ್‌ಸ್ಪೆಕ್ಟರ್ ಹೋದ ಮೇಲಿನದಕ್ಕೆ 9 ಎಂದಿಟ್ಟುಕೊಂಡರೆ 55 ನಿಮಿಷ. ಸಿಬಿಲ್ ದೃಶ್ಯದಲ್ಲಿ ಅವಸರ ಬೇಡ. ಮಗುವಿನ ತಂದೆಯನ್ನು ಹುಡುಕಿ ಎಲ್ಲರೆದುರು ಶಿಕ್ಷಿಸಿ ಎಂದು ಆಕೆ ಆರ್ಭಟಿಸುತ್ತಿರುವಾಗ ಅದು ಯಾರೆಂದು ಸಭೆಗೆ ಮೊದಲು ಹೊಳೆಯಬೇಕು, ಆಮೇಲೆ ಶೀಲಾಗೆ, ಕೊನೆಗೆ ಆಕೆಗೆ. ಅಷ್ಟಾದ ಮೇಲೇ ಹೊರಬಾಗಿಲ ಸದ್ದು, ಎರಿಕ್ ಪ್ರವೇಶ.

ಇನ್‌ಸ್ಪೆಕ್ಟರನ ಕೊನೆಯ ಮಾತಿಗೆ ಚಪ್ಪಾಳೆ ಬೀಳುತ್ತದೆಂದು ಅಲ್ಲೇ ಪರದೆ ಎಳೆಯುವುದನ್ನು ಕಂಡಾಗ ಕೈ ಕೈ ಹಿಸುಕಿಕೊಳ್ಳುವಂತಾಗುತ್ತದೆ. ಪರೀಕ್ಷೆ ಶುರುವಾಗುವುದೇ ಆಮೇಲೆ. ಗೂಲ್ ಎಂಬ ಅಧಿಕಾರಿ ಪೊಲೀಸಿನಲ್ಲೇ ಇಲ್ಲ, ಆಸ್ಪತ್ರೆಗೆ ಅಂಥ ಯಾವ ಹೆಣವೂ ಬಂದಿಲ್ಲ ಎಂದು ಫೋನಿನಲ್ಲಿ ಗೊತ್ತಾದ ಕೂಡಲೇ ಅಪ್ಪ, ಅಮ್ಮ, ಜೆರಾಲ್ಡ್ ಹಗುರಾಗುತ್ತಾರೆ. ಸಾವು ಸುಳ್ಳಾದರೂ ನಾವು ಮಾಡಿದ್ದು ಸುಳ್ಳಾಯಿತೇ ಎಂದು ಮಕ್ಕಳಿಬ್ಬರು ಹಟ ಹಿಡಿಯುತ್ತಾರೆ. ಈ 9 ನಿಮಿಷ ಇಲ್ಲದಿದ್ದರೆ ಉಳಿಯುವುದು ಒಂದು ಉಪನ್ಯಾಸ.

ಕನ್ನಡ ನೆಲಕ್ಕೆ ಒಗ್ಗಿಸುವವರಿಗೆ ಒಂದು ಮಾತು. ಇವಾಳನ್ನು ಬೆಂಗಳೂರಿನ ಗಾರ್ಮೆಂಟ್ಸ್ ಹುಡುಗಿಯಾಗಿ ಮಾಡುವುದು ಸುಲಭವೆನಿಸುತ್ತದೆ. ಆದರೆ ಮುಷ್ಕರಕ್ಕೆ ಮುಂದಾದಳೆಂದು ಕಾಯಂ ನೌಕರಳನ್ನು ತೆಗೆಯುವುದು ನಮ್ಮಲ್ಲಿ ಅನುಚಿತ ಕಾರ್ಮಿಕ ಪದ್ಧತಿ ಎನಿಸಬಹುದು. ಬರ್ಲಿಂಗ್ ಕಾನೂನು ಮುರಿದವನಾದರೆ ಪ್ರೇಕ್ಷಕ ನಿರಾಳನಾಗುತ್ತಾನೆ, ಕೇಸು ಹಾಕಿದರಾಯಿತಲ್ಲ! ಅವಳನ್ನು ಗುತ್ತಿಗೆಯ ಆಳು ಮಾಡಿ. ಗುತ್ತಿಗೆದಾರನಿಗೆ ‘ಮುಂದಿನ ತಿಂಗಳಿಂದ ಅವಳು ಬೇಡ’ ಎಂಬ ಒಂದು ಫೋನು ಹೋಗಲಿ, ಕಾಗದದಲ್ಲಿ ಏನೂ ಇರದಿರಲಿ. ಛಾಯಾಚಿತ್ರವನ್ನು ಮೊಬೈಲಿಗೆ ಏರಿಸಬೇಡಿ, ಒಬ್ಬರಿಗೆ ಬಂದದ್ದು ಎಲ್ಲರಿಗೂ ಬರುತ್ತದೆ. ಇದೆಲ್ಲ ಕಷ್ಟವೆನಿಸಿದರೆ 1912ರ ಬ್ರಮ್ಲಿಯಲ್ಲೇ ಬಿಡುವುದು ಮೇಲು.

ತೀರ್ಪುಗಾರರು ಅಂಕಪಟ್ಟಿಯಲ್ಲಿ ‘ಕುತೂಹಲ’ಕ್ಕೆ ಇಟ್ಟ ಕಾಲಮ್ಮನ್ನು ಈ ನಾಟಕದ ಮಟ್ಟಿಗೆ ಮರೆತರೆ ಒಳ್ಳೆಯದು. ಸಂಘಟಕರಲ್ಲಿ ಇನ್ನೊಂದು ಕೋರಿಕೆ: ಕಾಲಾವಧಿ ಮುಗಿಯುವ ಐದು ನಿಮಿಷ ಮೊದಲು ಎಚ್ಚರಿಕೆಯ ಗಂಟೆ ಬಾರಿಸುವ ರೂಢಿ ಹಲವು ಕಡೆ ಇದೆ. ಈ ನಾಟಕ ಮುಗಿಯುವುದೇ ಒಂದು ಫೋನಿನ ಗಂಟೆಯಿಂದ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಹುಡುಗಿಯೊಬ್ಬಳು ಈಗಷ್ಟೇ ಸತ್ತಳು, ವಿಚಾರಣೆಗೆ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರು ಹೊರಟಿದ್ದಾರೆ ಎಂಬ ಸುದ್ದಿ ಅದರಲ್ಲಿ ಬರುತ್ತದೆ. ಅದಕ್ಕೆ ಐದು ನಿಮಿಷ ಮೊದಲೇ ಸಭಾಂಗಣದಲ್ಲಿ ಇನ್ನೊಂದು ಗಂಟೆ ಮೊಳಗಿದರೆ ಬರ್ಲಿಂಗ್ ಪಾತ್ರಧಾರಿ ಗಾಬರಿಯಲ್ಲಿ ರಿಸೀವರ್ ಎತ್ತಿಬಿಡುವುದುಂಟು. ದಯವಿಟ್ಟು ಗಂಟೆಯ ಬದಲು ನೇಪಥ್ಯದಲ್ಲಿ ಒಂದು ಕೆಂಪು ದೀಪ ಹಾಕಿ.

— ಕಾಲೇಜು ತಂಡಗಳಿಗೆ ತಾಲೀಮು ಮಾಡಿಸುವ ಕೆಲವು ರಂಗಕರ್ಮಿಗಳು, ಮೈಸೂರು